ಗೋಡೆಯ ಒಳಗೆ ಅಪರಾಧ, ಹೊರಗೆ ಪ್ರೀತಿ?

ಕಾಲುಸಂಕ (ಚರ್ಚೆ ಆರಂಭಿಸಿದವರು)

ಕಳೆದ ವಾರ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯಿತು. ನಾನು ಅಲ್ಲಿನ ಸದಸ್ಯ. ಶೌಚಾಲಯದಲ್ಲಿ ನೀರಿಲ್ಲ, ಹಳ್ಳದ ಕಾಲುಸಂಕ ಕೊಳೆತಿದೆ, ಶಾಲೆಯ ಮಕ್ಕಳನ್ನು ಕಂಡರೆ ಬಸ್ಸಿನವನು ನಿಲ್ಲಿಸುವುದಿಲ್ಲ – ಎಲ್ಲ ಪ್ರತಿ ವರ್ಷದ ಅಹವಾಲುಗಳೇ. ಕೊನೆಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಕ್ಕಳಿಗೆ ಹೊಡೆಯುವುದು ಅಪರಾಧ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿದ್ದಾರೆ. ಗೋಡೆ ದಾಟಿ ಮನೆಗೆ ಹೋದರೆ ಅಪರಾಧವಲ್ಲವೇ?"

ಸಭೆಗೆ ಸಭೆಯೇ ನಕ್ಕಿತು. ಪಿಡಿಒ ನಕ್ಕರು, ನಾನೂ ನಕ್ಕೆ. "ಅಪ್ಪ ಅಮ್ಮ ಹೊಡೆಯುವುದು ಪ್ರೀತಿಗೆ, ಕುಳಿತುಕೋ ಮಗಳೇ" ಎಂದು ಯಾರೋ ಹೇಳಿದರು. ಅವಳು ಕುಳಿತುಕೊಂಡಳು. ನಗಲಿಲ್ಲ.

ಮನೆಗೆ ಬಂದು ಯೋಚಿಸಿದರೆ ಉತ್ತರ ನನಗೂ ಗೊತ್ತಿಲ್ಲ. ನನ್ನ ಮಗನಿಗೆ ಲಕ್ಕಿ ಬರಲಿನಲ್ಲಿ ಬಾರಿಸಿದವನೇ ನಾನು. ನನ್ನ ಅಪ್ಪ ನನಗೆ ಬಾರುಕೋಲಿನಲ್ಲಿ ಕೊಟ್ಟಿದ್ದರು. ಹೊಡೆಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರವಚನ ಬೇಡ. ಕಾನೂನು ಏನು ಹೇಳುತ್ತದೆ, ಬಲ್ಲವರು ತಿಳಿಸಿ. ಅವಳಿಗೆ ಉತ್ತರ ಕೊಡಬೇಕಾಗಿದೆ.

ಕರಿಕೋಟು

ಸದಸ್ಯರೇ, ನೀವೆಲ್ಲ ನಕ್ಕ ಪ್ರಶ್ನೆಯ ಮೇಲೆ ನ್ಯಾಯಾಲಯದಲ್ಲಿ ಅರ್ಧ ದಿನ ವಾದ ಮಾಡಬಹುದು.

ಮೊದಲು ಗೋಡೆಯ ಬರಹ. ಅದು ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್. ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ ನಿಷಿದ್ಧ. ಆದರೆ ಆ ಸೆಕ್ಷನ್ ಹೇಳುವುದು ಸೇವಾ ನಿಯಮಗಳಂತೆ ಶಿಸ್ತುಕ್ರಮ ಎಂದಷ್ಟೇ. ಜೈಲಿನ ಮಾತು ಅದರಲ್ಲಿಲ್ಲ, ಅದು ಬೇರೆ ಕಾನೂನುಗಳಿಂದ ಬರಬೇಕು.

ಇನ್ನು ಮನೆ. "ತಂದೆತಾಯಿ ಹೊಡೆಯಬಾರದು" ಎಂಬ ವಾಕ್ಯ ನಮ್ಮ ಯಾವ ಕೇಂದ್ರ ಕಾಯ್ದೆಯಲ್ಲೂ ಇಲ್ಲ. "ಹೊಡೆಯಬಹುದು" ಎಂಬ ವಾಕ್ಯವೂ ಇಲ್ಲ. ಯಾರು ಯಾರಿಗೆ ಹೊಡೆದರೂ ಭಾರತೀಯ ನ್ಯಾಯ ಸಂಹಿತೆಯ 115ನೇ ಸೆಕ್ಷನ್ ಪ್ರಕಾರ ಅದು ಗಾಯಪಡಿಸಿದ ಅಪರಾಧ, ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪ್ಪ ಎಂಬ ಪದ ಅಲ್ಲಿ ಎಲ್ಲೂ ಬರುವುದಿಲ್ಲ. ಅಪ್ಪನಿಗೆ ಕೊಡೆ ಹಿಡಿಯುವುದು 27ನೇ ಸೆಕ್ಷನ್: ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ ಕೆಲಸದಿಂದ ಹಾನಿಯಾದರೆ ಅದು ಅಪರಾಧವಲ್ಲ. ಬೇಕೆಂದೇ ತೀವ್ರ ಗಾಯ ಮಾಡಿದರೆ ಈ ಕೊಡೆ ಮಡಚಿಕೊಳ್ಳುತ್ತದೆ. 1860ರ ದಂಡ ಸಂಹಿತೆಯಲ್ಲಿ ಇದು 89ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಸಂಖ್ಯೆ ಬದಲಾಯಿತು, ತಿರುಳು ಬದಲಾಗಲಿಲ್ಲ.

ಕುತೂಹಲದ ಸಂಗತಿ ಏನೆಂದರೆ ಆ ಸೆಕ್ಷನ್ನಿನ ಕೆಳಗೆ ಕೊಟ್ಟಿರುವ ಉದಾಹರಣೆ ಕಪಾಳಮೋಕ್ಷದ್ದಲ್ಲ. ಮೂತ್ರಕೋಶದ ಕಲ್ಲು ತೆಗೆಸಲು ಮಗುವನ್ನು ಶಸ್ತ್ರವೈದ್ಯರ ಕೈಗೆ ಒಪ್ಪಿಸುವ ತಂದೆಯದ್ದು. ಆಪರೇಷನ್ನಿಗೆಂದು ಬರೆದ ವಿನಾಯಿತಿಯ ನೆರಳಿನಲ್ಲಿ ಬೆತ್ತವೂ ಬಂದು ಕುಳಿತಿತು.

ನಿವೃತ್ತ_ಮೇಷ್ಟ್ರು

ಮೂವತ್ತಾರು ವರ್ಷ ಪಾಠ ಮಾಡಿದವನು ನಾನು. ನಮ್ಮ ಕೈಯ ನಾಗರಬೆತ್ತ ಕಿತ್ತುಕೊಂಡಿರಿ, ಆಯಿತು. ಈಗ ತಾಯಿಯ ಕೈಯ ಸೌಟಿಗೂ ಸೆಕ್ಷನ್ ಹುಡುಕುತ್ತಿದ್ದೀರಿ. ಐದು ವರ್ಷ ಮುದ್ದಿಸು, ಮುಂದಿನ ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಗೆಳೆಯನಂತೆ ನಡೆಸಿಕೋ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇಂದಿನ ಮಕ್ಕಳು ಮೊಬೈಲ್ ಕಸಿದುಕೊಂಡರೆ ಊಟ ಬಿಡುತ್ತಾರೆ. ಇವರಿಗೆ ಕಾನೂನು ಬೇರೆ ಕಲಿಸುತ್ತೀರಾ?

ಕರಿಕೋಟು

ಮೇಷ್ಟ್ರೇ, ನಿಮ್ಮ ಸುಭಾಷಿತ ಹದಿನೈದರವರೆಗೆ ಕೋಲು ಕೊಡುತ್ತದೆ. ಇಂಗ್ಲಿಷರು ಬರೆದ ಸಂಹಿತೆ ಹನ್ನೆರಡಕ್ಕೇ ನಿಲ್ಲಿಸುತ್ತದೆ. ಆದ್ದರಿಂದ ಹದಿಮೂರರ ಮಗನಿಗೆ ಹೊಡೆಯುವ ತಂದೆಗೆ 27ನೇ ಸೆಕ್ಷನ್ನಿನ ಕೊಡೆ ಇಲ್ಲ. ಅವನು 33ನೇ ಸೆಕ್ಷನ್ನಿಗೆ ಓಡಬೇಕು. ಸಾಮಾನ್ಯ ವಿವೇಕವುಳ್ಳ ಯಾರೂ ದೂರದಷ್ಟು ಸಣ್ಣ ಹಾನಿ ಅಪರಾಧವಲ್ಲ ಎನ್ನುವ ಸೆಕ್ಷನ್ ಅದು. ತಲೆಗೊಂದು ಮೊಟಕು ಅಲ್ಲಿ ಪಾರಾಗಬಹುದು. ಬಾಸುಂಡೆ ಎದ್ದರೆ ಕಷ್ಟ.

ಇಂಗ್ಲಿಷರ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ದಂಡ ಸಂಹಿತೆ ಅಂಗೀಕಾರವಾದ 1860ರಲ್ಲೇ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಥಾಮಸ್ ಹಾಪ್ಲಿ ಎಂಬ ಉಪಾಧ್ಯಾಯ ತನ್ನ ವಿದ್ಯಾರ್ಥಿಯನ್ನು ಹೊಡೆದು ಕೊಂದ. ಹೊಡೆಯಲು ಹುಡುಗನ ತಂದೆಯೇ ಪತ್ರ ಬರೆದು ಒಪ್ಪಿಗೆ ಕೊಟ್ಟಿದ್ದರು. ಹಾಪ್ಲಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಆದರೆ ಮಿತವಾದ, ಯುಕ್ತವಾದ ಶಿಕ್ಷೆ ಕೊಡಲು ತಂದೆಗೂ ಉಪಾಧ್ಯಾಯನಿಗೂ ಹಕ್ಕಿದೆ ಎಂಬ ಮಾತು ಅದೇ ಪ್ರಕರಣದಿಂದ ಗಟ್ಟಿಯಾಗಿ ನಿಂತಿತು. ಹುಡುಗ ಸತ್ತ, ಸೂತ್ರ ಬದುಕಿತು. ಸ್ಕಾಟ್ಲೆಂಡ್ ಅದನ್ನು 2020ರ ನವೆಂಬರ್‌ನಲ್ಲಿ ಕೈಬಿಟ್ಟಿತು, ವೇಲ್ಸ್ 2022ರ ಮಾರ್ಚ್‌ನಲ್ಲಿ.

ಎರಡು_ಜಡೆ

ಎರಡು ಮಕ್ಕಳ ತಾಯಿ ನಾನು. ಹೊಡೆಯುತ್ತೇನೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಶಾಲೆಯ ವ್ಯಾನು ಬರುತ್ತದೆ, ಏಳೂ ಇಪ್ಪತ್ತಕ್ಕೆ ಚಿಕ್ಕವಳು ತಟ್ಟೆಯ ಮುಂದೆ ಗುಬ್ಬಿ ನೋಡುತ್ತಾ ಕುಳಿತಿರುತ್ತಾಳೆ. ಆಗ ಬೀಳುವ ಏಟು ಅವಳ ಒಳಿತಿಗೋ ನನ್ನ ಕಚೇರಿಯ ಹಾಜರಿಗೋ? ವಕೀಲರೇ, "ಸದ್ಭಾವನೆ" ಎಂದಿರಲ್ಲ, ಅದನ್ನು ಅಳೆಯುವವರು ಯಾರು?

ಕರಿಕೋಟು

ಅಕ್ಕಾ, ಇಡೀ ಚರ್ಚೆಯ ನಡುಗಂಬ ಅದೇ.

ಆಡುಮಾತಿನಲ್ಲಿ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು. ಕಾನೂನಿಗೆ ಅದು ಸಾಲದು. ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ ಯಾವುದೂ ಸದ್ಭಾವನೆಯಿಂದ ಮಾಡಿದ್ದಲ್ಲ ಎಂದು ಸಂಹಿತೆಯೇ ವ್ಯಾಖ್ಯಾನಿಸುತ್ತದೆ. ಅಂದರೆ ತಂದೆ ಮಗನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದರೂ ಸಿಟ್ಟಿನ ಭರದಲ್ಲಿ ಬಿದ್ದ ಏಟಿಗೆ ಈ ವಿನಾಯಿತಿ ಸಿಗುವುದು ಕಷ್ಟ. ಜೊತೆಗೆ, ವಿನಾಯಿತಿ ಬೇಕೆನ್ನುವವನೇ ಅದನ್ನು ಸಾಬೀತು ಮಾಡಬೇಕು. ಇದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ. ಎಚ್ಚರಿಕೆಯಿಂದ, ಗಮನವಿಟ್ಟು, ತಣ್ಣಗೆ ಲೆಕ್ಕ ಹಾಕಿ ಮಗುವಿಗೆ ಹೊಡೆಯುವವರನ್ನು ನಾನು ನೋಡಿಲ್ಲ. ಇದ್ದರೆ ಅವರನ್ನು ಕಂಡು ಇನ್ನಷ್ಟು ಹೆದರುತ್ತೇನೆ.

ಬಿಳಿಜೋಳ

ವಿಜಯಪುರದ ಕಡೆಯ ಆಶಾ ಕಾರ್ಯಕರ್ತೆ. ಮೇಲಿನ ಮಾತು ಓದಿ ಕೈ ತಡೆಯಲಿಲ್ಲ. ನಮ್ಮಲ್ಲಿ ಕೂಸು ಅಳು ನಿಲ್ಲಿಸದಿದ್ದರೆ, ಮೈ ಹಳದಿಯಾದರೆ ಹೊಟ್ಟೆಗೆ ಬರೆ ಹಾಕುವವರು ಇನ್ನೂ ಇದ್ದಾರೆ. ಕಾಯಿಸಿದ ಬಳೆಚೂರು, ಇಲ್ಲವೇ ಸೂಜಿ. ಇಪ್ಪತ್ತು ದಿನದ ಕೂಸಿನ ಹೊಟ್ಟೆಯ ಮೇಲೆ ನಾಲ್ಕು ಬರೆ ನೋಡಿ ನಾನು ಕೂಗಾಡಿದಾಗ ಆ ಅಜ್ಜಿ ನನಗಿಂತ ಹೆಚ್ಚು ಅತ್ತಳು. ಒಳ್ಳೆಯದಾಗಲಿ ಎಂದೇ ಮಾಡಿದ್ದು. ಅದೇ ಓಣಿಯಲ್ಲಿ ಕದ್ದು ಬೆಲ್ಲ ತಿಂದ ಆರು ವರ್ಷದ ಹುಡುಗನ ಕೈಗೂ ಬರೆ ಬಿದ್ದದ್ದನ್ನು ಕಂಡಿದ್ದೇನೆ. ಒಂದು ಔಷಧಿ, ಒಂದು ಶಿಕ್ಷೆ. ಕಬ್ಬಿಣ ಒಂದೇ, ಒಲೆ ಒಂದೇ. ಎರಡಕ್ಕೂ ನಿಮ್ಮ ಕೊಡೆ ಸಿಗುತ್ತದೆಯೇ?

ಕರಿಕೋಟು

ಬೆಂಕಿ ಅಥವಾ ಕಾದ ವಸ್ತುವಿನಿಂದ ಗಾಯಪಡಿಸುವುದಕ್ಕೆ ಪ್ರತ್ಯೇಕವಾಗಿ 118ನೇ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಸೆರೆ. ಬೆಲ್ಲದ ಹುಡುಗನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಬಾಲನ್ಯಾಯ ಕಾಯ್ದೆ, 2015ರ 75ನೇ ಸೆಕ್ಷನ್ ಕೂಡ ಅಲ್ಲಿಗೆ ಹೊಂದುತ್ತದೆ. ಮಗುವಿನ ಉಸ್ತುವಾರಿ ಇರುವವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆಯಾಗುವಂತೆ ಹಲ್ಲೆ ಮಾಡಿದರೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಇದು ತಂದೆತಾಯಿಗೂ ಅನ್ವಯ. ಅಜ್ಜಿಯ ವಿಷಯದಲ್ಲಿ ವಕೀಲರು "ತಕ್ಕ ಎಚ್ಚರಿಕೆ" ಎಂಬ ಎರಡು ಪದಗಳ ಮೇಲೆ ಜಗಳವಾಡುತ್ತಾರೆ.

75ನೇ ಸೆಕ್ಷನ್ನಿನಲ್ಲಿ ನನ್ನ ಕಣ್ಣು ಚುಚ್ಚುವುದು "ಅನಗತ್ಯ" ಎಂಬ ವಿಶೇಷಣ. ಮಗುವಿಗೆ ಅಗತ್ಯವಾದ ಯಾತನೆ ಎಂಬುದೂ ಒಂದಿದೆ ಎಂದು ಶಾಸಕರು ಭಾವಿಸಿದ್ದರೇ? ಅದೇ ಕಾಯ್ದೆಯ ಆರಂಭದಲ್ಲಿ ದೈಹಿಕ ಶಿಕ್ಷೆಯ ವ್ಯಾಖ್ಯಾನವಿದೆ: ತಪ್ಪಿಗೆ ಪ್ರತಿಯಾಗಿ ಅಥವಾ ಶಿಸ್ತು ಕಲಿಸಲು ಯಾವುದೇ ವ್ಯಕ್ತಿ ಬೇಕೆಂದೇ ನೋವುಂಟುಮಾಡುವುದು. ಯಾವುದೇ ವ್ಯಕ್ತಿ! ಓದಿದಾಗ ಮೈ ನಿಮಿರುತ್ತದೆ. ಮುಂದೆ ದಂಡನೆ ಹೇಳುವ 82ನೇ ಸೆಕ್ಷನ್ನಿಗೆ ಬಂದರೆ ಅದು ಮಕ್ಕಳ ಪಾಲನಾ ಸಂಸ್ಥೆಗಳ ಸಿಬ್ಬಂದಿಗೆ ಮಾತ್ರ. ವ್ಯಾಖ್ಯಾನ ಊರಗಲ, ದಂಡನೆ ಬಾಗಿಲಗಲ.

ಸುಮ್ಮನೆ_ಓದುವವ

ಸಾಮಾನ್ಯವಾಗಿ ನಾನು ಬರೆಯುವುದಿಲ್ಲ. ಆದರೆ ಇಲ್ಲಿ ಎಲ್ಲರೂ ಕಾನೂನು ಸಾಲದು, ಇನ್ನೂ ಬೇಕು ಎನ್ನುವ ದಿಕ್ಕಿಗೆ ಹೋಗುತ್ತಿದ್ದೀರಿ. ನನ್ನ ಅಪ್ಪ ಹಮಾಲಿ. ಕುಡಿದು ಬಂದರೆ ಹೊಡೆಯುತ್ತಿದ್ದರು, ಕುಡಿಯದಿದ್ದರೆ ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸುತ್ತಿದ್ದರು. ಆಗ ಪೊಲೀಸರು ಅವರನ್ನು ಎಳೆದುಕೊಂಡು ಹೋಗಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. "ನಿನ್ನಿಂದಲೇ ಅಪ್ಪ ಒಳಗೆ ಹೋದ" ಎಂದು ಅಮ್ಮ ನನ್ನನ್ನೇ ಬೈಯುತ್ತಿದ್ದಳು. ಠಾಣೆಯಲ್ಲಿ ಅವರಿಗೆ ಬೀಳುತ್ತಿದ್ದ ಏಟಿಗೆ ಯಾವ ಸೆಕ್ಷನ್, ವಕೀಲರೇ? ಹೊಡೆತ ನಿಲ್ಲಿಸಲು ಹೊಡೆಯುವವರನ್ನೇ ಕರೆಯಬೇಕೇ?

ಹಿಮದೂರಿನವಳು

ಸುಮ್ಮನೆ ಓದುವವರೇ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ನಾನಿರುವ ಸ್ವೀಡನ್‌ನಲ್ಲಿ ಆದದ್ದು ಹೇಳುತ್ತೇನೆ. ತಂದೆತಾಯಿಯೂ ಹೊಡೆಯಬಾರದು ಎಂದು ಮೊದಲು ಬರೆದ ದೇಶ ಇದು, 1979ರ ಜುಲೈ 1ರಿಂದ. ಅದನ್ನು ದಂಡ ಸಂಹಿತೆಯಲ್ಲಿ ಬರೆಯಲಿಲ್ಲ ಎಂಬುದನ್ನು ಗಮನಿಸಿ. ತಂದೆತಾಯಿಯ ಕರ್ತವ್ಯಗಳನ್ನು ಹೇಳುವ ಸಂಹಿತೆಯಲ್ಲಿ ಬರೆದರು. ಆ ವಾಕ್ಯಕ್ಕೆ ಸೆರೆಯೂ ಇಲ್ಲ, ದಂಡವೂ ಇಲ್ಲ. ಹಲ್ಲೆಯ ಮಟ್ಟ ತಲುಪಿದರೆ ಮಾತ್ರ ಎಲ್ಲರಿಗೂ ಇರುವ ಹಲ್ಲೆಯ ಕಾನೂನು.

ಶಿಕ್ಷೆಯಿಲ್ಲದ ಕಾನೂನು ನಮ್ಮವರಿಗೆ ಹಲ್ಲಿಲ್ಲದ ಹಾವಿನಂತೆ ಕಾಣುತ್ತದೆ. ಅವರು ಮಾಡಿದ ಕೆಲಸ ನೋಡಿ. ಮಕ್ಕಳಿರುವ ಮನೆಮನೆಗೂ ಕಿರುಹೊತ್ತಗೆ ಕಳುಹಿಸಿದರು, ವಲಸೆ ಬಂದವರಿಗೆ ಅವರವರ ಭಾಷೆಗಳಲ್ಲಿ. ಹಾಲಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದರು. ಬೆಳಗಿನ ತಿಂಡಿಯ ಮೇಜಿನ ಮೇಲೆ ಹಾಲಿನ ಪೊಟ್ಟಣ, ಅದರ ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಮಗು. ಇಬ್ಬರೂ ಒಂದೇ ವಾಕ್ಯ ಓದುತ್ತಿದ್ದಾರೆ. ಎಷ್ಟು ಜಾಣತನ!

ಇದು ಒಂದೇ ದಿನದಲ್ಲಿ ಆದದ್ದೂ ಅಲ್ಲ. 1957ರಲ್ಲಿ ದಂಡ ಸಂಹಿತೆಯ ರಕ್ಷಣೆ ತೆಗೆದರು, 1966ರಲ್ಲಿ ತಂದೆತಾಯಿಗಿದ್ದ ಅಧಿಕಾರದ ಮಾತು ತೆಗೆದರು. ಆದರೂ ಹೊಡೆಯಬಹುದು ಎಂದೇ ಜನ ನಂಬಿದ್ದರು. ಮಲತಂದೆಯ ಹೊಡೆತಕ್ಕೆ ಮೂರು ವರ್ಷದ ಹುಡುಗಿ ಸತ್ತ ಪ್ರಕರಣ 1971ರಲ್ಲಿ ದೇಶವನ್ನು ಕಲಕಿತು. ಮೌನವಾಗಿ ಅಳಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು ಎಂದು ಅವರಿಗೆ ತಿಳಿಯಲು ಅಷ್ಟು ವರ್ಷ ಬೇಕಾಯಿತು.

ಸಿಹಿ ಮಾತ್ರ ಹೇಳಿದರೆ ತಪ್ಪಾಗುತ್ತದೆ. ನನ್ನ ಅತ್ತೆ ಶಿವಮೊಗ್ಗದಿಂದ ಬಂದಿದ್ದಾಗ ಮಗನ ಕಿವಿ ಹಿಂಡಿದರು. ಅವನು ಶಾಲೆಯಲ್ಲಿ ಹೇಳಿದ. ಅನುಮಾನ ಬಂದರೆ ವರದಿ ಮಾಡುವುದು ಇಲ್ಲಿ ಶಿಕ್ಷಕರ ಕರ್ತವ್ಯ, ಬಿಡುವಂತಿಲ್ಲ. ಸಮಾಜ ಸೇವಾ ಕಚೇರಿಯಿಂದ ಕರೆ ಬಂತು. ಮೂರು ವಾರ ನನಗೆ ಅನ್ನ ಇಳಿಯಲಿಲ್ಲ. ಕೊನೆಗೆ ಒಬ್ಬ ಹೆಂಗಸು ಬಂದು, ಚಹಾ ಕುಡಿದು, ಮಾತನಾಡಿ, ಕಡತ ಮುಚ್ಚಿದರು. ಅತ್ತೆ ಇವತ್ತಿಗೂ "ಕಿವಿ ಹಿಂಡಿದ್ದಕ್ಕೆ ಸರ್ಕಾರ ಬಂತು" ಎಂದು ಊರಲ್ಲೆಲ್ಲ ಹೇಳುತ್ತಾರೆ. ಮೊಮ್ಮಗನ ಕಿವಿ ಮಾತ್ರ ಮತ್ತೆ ಹಿಂಡಿಲ್ಲ.

ನಿವೃತ್ತ_ಮೇಷ್ಟ್ರು

ಅಲ್ಲಿ ಹಾಲಿನ ಪೊಟ್ಟಣ. ನಮ್ಮಲ್ಲಿ ಹಾಲು ತರುವ ಹುಡುಗನಿಗೇ ಏಟು ಬೀಳುತ್ತದೆ.

(ತಮಾಷೆಗೆ ಬರೆದೆ. ಬರೆದ ಮೇಲೆ ತಮಾಷೆ ಎನಿಸಲಿಲ್ಲ. ಇರಲಿ.)

ಆಕ್ಲೆಂಡ್_ಅಣ್ಣ

ನ್ಯೂಜಿಲೆಂಡ್ ಅನುಭವ ಇದಕ್ಕಿಂತ ಒರಟು. ಇಲ್ಲಿ 1961ರ ಅಪರಾಧ ಕಾಯ್ದೆಯ 59ನೇ ಸೆಕ್ಷನ್ ತಂದೆತಾಯಿಗೆ "ಯುಕ್ತ ಬಲಪ್ರಯೋಗ"ದ ರಕ್ಷಣೆ ಕೊಟ್ಟಿತ್ತು. ಕುದುರೆ ಸವಾರಿಯ ಚಾವಟಿಯಿಂದ ಮಗನಿಗೆ ಹೊಡೆದ ತಾಯಿಯನ್ನು 2005ರಲ್ಲಿ ತೀರ್ಪುಗಾರರ ಮಂಡಳಿ ನಿರಪರಾಧಿ ಎಂದಿತು. ಸ್ಯೂ ಬ್ರಾಡ್‌ಫರ್ಡ್ ಎಂಬ ಗ್ರೀನ್ ಪಕ್ಷದ ಸಂಸದೆ ಆ ರಕ್ಷಣೆ ತೆಗೆಯಲು ತಂದ ಮಸೂದೆ 2007ರಲ್ಲಿ ಪಾಸಾಯಿತು, ಪರವಾಗಿ 113 ಮತ. ಸಂಸತ್ತು ಒಂದು ಕಡೆ, ಬೀದಿ ಇನ್ನೊಂದು ಕಡೆ. 2009ರಲ್ಲಿ ಜನಮತ ಸಂಗ್ರಹವಾದಾಗ ಮತ ಹಾಕಿದವರಲ್ಲಿ ಶೇ 87.4ರಷ್ಟು ಜನ, ತಿದ್ದುವ ಸಲುವಾಗಿ ಕೊಟ್ಟ ಏಟು ಅಪರಾಧವಾಗಬಾರದು ಎಂದರು. ಆ ಜನರಲ್ಲಿ ನಾನೂ ಒಬ್ಬ. ಸರ್ಕಾರ ಕಾನೂನನ್ನು ಮುಟ್ಟಲಿಲ್ಲ.

ಆಗ ನಾನು ಆ ಸೆಕ್ಷನ್ ಓದಿರಲಿಲ್ಲ. ಈಗ ಓದಿದ್ದೇನೆ. ರಸ್ತೆಗೆ ನುಗ್ಗುವ ಮಗುವನ್ನು ಎಳೆದು ನಿಲ್ಲಿಸಬಹುದು, ತಂಗಿಗೆ ಹೊಡೆಯುತ್ತಿರುವ ಅಣ್ಣನನ್ನು ಹಿಡಿದು ಬೇರ್ಪಡಿಸಬಹುದು, ಹಟ ಹಿಡಿದವನನ್ನು ಎತ್ತಿಕೊಂಡು ಹೋಗಿ ಸ್ನಾನ ಮಾಡಿಸಬಹುದು. ಇದಕ್ಕೆಲ್ಲ ಬಲ ಬಳಸಲು ಅವಕಾಶವಿದೆ. ತಿದ್ದುವುದಕ್ಕೆ ಮಾತ್ರ ಇಲ್ಲ. ತೀರಾ ಕ್ಷುಲ್ಲಕವಾದದ್ದರಲ್ಲಿ ಮೊಕದ್ದಮೆ ಹೂಡದೆ ಬಿಡುವ ವಿವೇಚನೆ ಪೊಲೀಸರಿಗಿದೆ ಎಂದೂ ಬರೆದಿದ್ದಾರೆ. ನಾನು ಹೆದರಿದ್ದೆಲ್ಲಕ್ಕೂ ಅದರಲ್ಲೇ ಉತ್ತರವಿತ್ತು.

ಸುಮ್ಮನೆ_ಓದುವವ

ಎರಡೂ ಶ್ರೀಮಂತ ದೇಶಗಳು. ಚಹಾ ಕುಡಿದು ಕಡತ ಮುಚ್ಚುವ ಹೆಂಗಸಿಗೆ ಸಂಬಳ ಕೊಡುವಷ್ಟು ಹಣವಿರುವ ಸರ್ಕಾರಗಳು. ನಮ್ಮಂಥ ಯಾವ ದೇಶ ಮಾಡಿದೆ?

ಕರಿಕೋಟು

ನೇಪಾಳ. 2018ರ ಮಕ್ಕಳ ಕಾಯ್ದೆಯಲ್ಲಿ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು, ದಕ್ಷಿಣ ಏಷ್ಯಾದಲ್ಲಿ ಮೊದಲು. ಒಟ್ಟು ಅರುವತ್ತಕ್ಕೂ ಹೆಚ್ಚು ದೇಶಗಳು ಈ ಪಟ್ಟಿಯಲ್ಲಿವೆ. ನಾವು ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲೇ ಸೇರಿದ್ದೇವೆ. ಮನೆಯೂ ಸೇರಿದಂತೆ ಎಲ್ಲೆಡೆ ನಿಷೇಧಿಸಿ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2014ರಲ್ಲೂ ನಮಗೆ ಹೇಳಿತು.

ನಿಮ್ಮ ಠಾಣೆಯ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ, ಒಪ್ಪುತ್ತೇನೆ. ಇಷ್ಟು ಮಾತ್ರ: 115ನೇ ಸೆಕ್ಷನ್ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ಆ ಸಮಿತಿಯ ಮೊದಲ ಕೆಲಸ ಮಗುವಿನ ರಕ್ಷಣೆ, ತಂದೆಯ ಶಿಕ್ಷೆಯಲ್ಲ. ಕಾಗದದ ಮೇಲೆ ದಾರಿ ಇದೆ. ಅದು ಸವೆದ ದಾರಿಯಲ್ಲ.

ಎರಡು_ಜಡೆ

ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಮೂವರಲ್ಲಿ ಇಬ್ಬರಿಗೆ ದೈಹಿಕ ಹಿಂಸೆಯಾಗಿತ್ತು, ಮನೆಯೊಳಗೆ ಹೊಡೆದವರಲ್ಲಿ ಹೆಚ್ಚಿನವರು ತಂದೆತಾಯಿಯೇ. ಓದಿದಾಗ ಆ ಮೂರನೆಯ ಮಗು ಯಾರ ಮನೆಯದ್ದು ಎಂದು ಕುತೂಹಲವಾಯಿತು. ನನ್ನ ಮನೆಯದ್ದಲ್ಲ.

ಕಾಲುಸಂಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾಳೆ ಶಾಲೆಗೆ ಹೋಗುತ್ತಿದ್ದೇನೆ. ವಕೀಲರು ಹೇಳಿದ್ದನ್ನು ಹೀಗೆ ಬರೆದುಕೊಂಡೆ: "ಪೋಷಕರು ಹನ್ನೆರಡು ವರ್ಷದೊಳಗಿನ ಮಗುವಿನ ಹಿತದೃಷ್ಟಿಯಿಂದ ಸದ್ಭಾವನಾಪೂರ್ವಕವಾಗಿ ಎಸಗಿದ ಕೃತ್ಯದ ಹೊರತು, ಗಾಯಪಡಿಸುವುದು ದಂಡನಾರ್ಹವಾಗಿದ್ದು, ಸದರಿ ವಿನಾಯಿತಿಯು ತೀವ್ರ ಗಾಯಕ್ಕೆ ಅನ್ವಯಿಸತಕ್ಕದ್ದಲ್ಲ." ಸರಿಯಿದೆಯೇ?

ನಿವೃತ್ತ_ಮೇಷ್ಟ್ರು

ಸ್ವಾಮಿ, ಇದನ್ನು ಏಳನೆಯ ತರಗತಿಗೆ ಓದಿದರೆ ಅದೇ ಒಂದು ದೈಹಿಕ ಶಿಕ್ಷೆ. ತಿದ್ದಿ ಕೊಟ್ಟಿದ್ದೇನೆ, ನೋಡಿ:

"ಮನೆಯಲ್ಲಿ ಹೊಡೆಯಬಹುದು ಎಂದು ಯಾವ ಕಾನೂನೂ ಹೇಳಿಲ್ಲ. ಹೊಡೆದವರು ಅಪ್ಪ ಅಮ್ಮನಾದರೂ ಅದು ತಪ್ಪಾಗಬಹುದು. ಮಗುವಿಗೆ ಹನ್ನೆರಡು ತುಂಬುವವರೆಗೆ, ಅದರ ಒಳಿತಿಗಾಗಿ ಎಚ್ಚರಿಕೆಯಿಂದ ಮಾಡಿದೆವು ಎಂದು ತೋರಿಸಿದರೆ ಅವರಿಗೆ ವಿನಾಯಿತಿ ಸಿಗಬಹುದು. ಬರೆ ಹಾಕಿದರೆ, ಮೂಳೆ ಮುರಿದರೆ ಅದೂ ಉಳಿಯುವುದು ಕಷ್ಟ. ಸಹಾಯ ಬೇಕಾದರೆ 1098ಕ್ಕೆ ಕರೆ ಮಾಡು."

ನಾನು ಒಪ್ಪಿದ್ದೇನೆ ಎಂದು ತಿಳಿಯಬೇಡಿ. ವಾಕ್ಯ ಸರಿಪಡಿಸಿದ್ದೇನೆ ಅಷ್ಟೆ.

ಕರಿಕೋಟು

ನನಗಿಂತ ಚೆನ್ನಾಗಿದೆ. ಒಂದು ಅಕ್ಷರವೂ ಬದಲಿಸಬೇಕಿಲ್ಲ.

ಕಾಲುಸಂಕ (ಚರ್ಚೆ ಆರಂಭಿಸಿದವರು)

ಹೋಗಿ ಬಂದೆ. ಮೇಷ್ಟ್ರ ವಾಕ್ಯಗಳನ್ನೇ ಓದಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನನಗೆ ಹನ್ನೆರಡು ತುಂಬಿದೆ" ಎಂದಳು. ಹಾಗಾದರೆ ನಿನಗೆ ಆ ವಿನಾಯಿತಿ ಅನ್ವಯವಾಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ನನ್ನ ತಮ್ಮನಿಗೆ ಎಂಟು" ಎಂದಳು.

ಅಲ್ಲಿಯವರೆಗೂ ಅವಳು ತನಗಾಗಿ ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಮುಖ್ಯ ಶಿಕ್ಷಕಿಯ ಜೊತೆ ಮಾತನಾಡಿದ್ದೇನೆ. ಸಂಜೆ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಆ ಮನೆಗೆ ಹೋಗುತ್ತೇವೆ. ಅವರ ಅಪ್ಪ ನನ್ನ ತೋಟಕ್ಕೆ ಕೊನೆ ಕೊಯ್ಯಲು ಬರುವವರು. ಮಾತು ಹೇಗೆ ಆರಂಭಿಸಲಿ ಎಂದು ತಿಳಿಯುತ್ತಿಲ್ಲ. ನಾನು ಹೊಡೆದದ್ದರಿಂದಲೇ ಆರಂಭಿಸುತ್ತೇನೆ ಎಂದುಕೊಂಡಿದ್ದೇನೆ.

ಇನ್ನೊಂದು. ಮಕ್ಕಳ ಗ್ರಾಮ ಸಭೆಯ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಶೌಚಾಲಯ, ಕಾಲುಸಂಕ, ಬಸ್ಸು, ವಂದನಾರ್ಪಣೆ. ಅವಳ ಪ್ರಶ್ನೆ ಅದರಲ್ಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಅದನ್ನು ಸೇರಿಸಲು ಕೇಳುತ್ತೇನೆ. ಹೆಸರು ಬರೆಸಬೇಕೇ?

ಕರಿಕೋಟು

ಖಂಡಿತ ಬೇಡ. "ಏಳನೆಯ ತರಗತಿಯ ವಿದ್ಯಾರ್ಥಿನಿ" ಸಾಕು. ಆ ತರಗತಿಯಲ್ಲಿ ಎಷ್ಟು ಹುಡುಗಿಯರಿದ್ದಾರೆ?

ಕಾಲುಸಂಕ (ಚರ್ಚೆ ಆರಂಭಿಸಿದವರು)

ಇಬ್ಬರು.

ಕರಿಕೋಟು

ಹಾಗಾದರೆ "ಶಾಲೆಯ ಒಂದು ಮಗು" ಎಂದು ಬರೆಸಿ. ಪ್ರಶ್ನೆಯನ್ನು ಮಾತ್ರ ಅವಳು ಕೇಳಿದಂತೆಯೇ ಬರೆಸಿ, ಗೋಡೆಯ ಸಮೇತ.